ಮೂರು ತುಂಡು ರೊಟ್ಟಿ

ಬ್ಯಾಸಗಿಯಲ್ಲಿ ಇಂಡಿ ಕಡೆಯ ಹಳ್ಳಿಗಳಲ್ಲಿ ಈಗಲೂ ಜನ ಮಾಳಿಗೆ ಮೇಲೆ ಮಲಗುತ್ತಾರೆ. ಸಂಜೆ ಎರಡು ಕೊಡ ನೀರು ಚಿಮುಕಿಸಿ ಕಾವು ಇಳಿಸಬೇಕು, ಕೌದಿ ಹಾಸಬೇಕು, ಅಂಗಾತ ಬೀಳಬೇಕು. ಆಮೇಲೆ ನೋಡುವುದಕ್ಕೆ ಆಕಾಶ ಬಿಟ್ಟರೆ ಬೇರೇನೂ ಇಲ್ಲ. ರಜೆಗೆಂದು ಮುದ್ದೇಬಿಹಾಳದಿಂದ ಬಂದಿದ್ದ ತಂಗಿಯ ಮಗಳು ಒಂದು ರಾತ್ರಿ ಹೀಗೆ ಮಲಗಿದ್ದಾಗ ಮೇಲೆ ಕೈ ತೋರಿಸಿದಳು.

“ಮಾಮಾ, ಆ ವಿಮಾನ ಈ ಕಡಿ ಬರ್ಲಾಕತ್ತದೋ, ಆ ಕಡಿ ಹೊಂಟದೋ?”

“ತಡಿ, ಸ್ವಲ್ಪ ಹೊತ್ತು ನೋಡು, ತಾನೇ ತಿಳೀತದ” ಎಂದೆ.

“ಹೊತ್ತು ನೋಡಿದ್ರ ಯಾರಿಗರೆ ತಿಳೀತದ. ಕಂಡ ಕೂಡ್ಲೆ ಹೇಳಾಕ ಬರ್ತದೇನು?”

ನಾನು ನಿದ್ದೆ ಬಂದವನಂತೆ ಸುಮ್ಮನಾದೆ. ಆದರೆ ಹುಡುಗಿ ಕೇಳಿದ್ದು ಸಣ್ಣ ಪ್ರಶ್ನೆಯಲ್ಲ. ರಾತ್ರಿ ಹಾರುವ ಪೈಲಟ್ ಇನ್ನೊಂದು ವಿಮಾನದ ದೀಪ ಕಂಡಾಗ ಕೇಳಿಕೊಳ್ಳುವುದೂ ಇದನ್ನೇ. ಅವನಿಗೆ ಹೊತ್ತು ಕಳೆಯುತ್ತ ನೋಡುವ ಸೌಕರ್ಯವಿಲ್ಲ.

ಮಿಣುಕುವ ಕೆಂಪು, ಮಿಣುಕದ ಕೆಂಪು

ವಿಮಾನದಲ್ಲಿ ಕೆಂಪು ದೀಪವಿದೆ, ಹಸಿರು ದೀಪವಿದೆ, ಬಿಳಿಯ ಮಿಂಚೂ ಇದೆ ಎನ್ನುವುದು ಎಲ್ಲರೂ ಕಂಡದ್ದೇ. ಗೊಂದಲ ಹುಟ್ಟುವುದು ಕೆಂಪಿನಿಂದ. ಮಾಳಿಗೆ ಮೇಲಿನಿಂದ ಸುಲಭವಾಗಿ ಕಾಣುವ, ಆರಿ ಹೊತ್ತುವ ಕೆಂಪು ದೀಪ ವಿಮಾನದ ಬೆನ್ನ ಮೇಲೆ ಮತ್ತು ಹೊಟ್ಟೆಯ ಕೆಳಗೆ ಇರುತ್ತದೆ. ಅದು ಎಲ್ಲ ದಿಕ್ಕಿಗೂ ಒಂದೇ ಮಾತು ಹೇಳುತ್ತದೆ: ನಾನು ಇಲ್ಲಿದ್ದೇನೆ. ಬಸವನ ಬಾಗೇವಾಡಿ ಕಡೆಯವರಿಗೆ ಇಂಥ ದೀಪದ ಪರಿಚಯ ಚೆನ್ನಾಗಿಯೇ ಇದೆ. ಕೂಡಗಿಯ 2400 ಮೆಗಾವ್ಯಾಟ್ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳ ಮೇಲೆ ರಾತ್ರಿ ಹೊತ್ತುವ ಕೆಂಪು ದೀಪಗಳು ಹಾರುವವರಿಗೆ ಹೇಳುವುದೂ ಅಷ್ಟೇ. ಚಿಮಣಿ ಎಲ್ಲಿಗೂ ಹೋಗುವುದಿಲ್ಲವಾದ್ದರಿಂದ ಅಷ್ಟು ಹೇಳಿದರೆ ಸಾಕು.

ವಿಮಾನ ಇನ್ನೂ ಒಂದು ಮಾತು ಹೇಳಬೇಕು, ನನ್ನ ಮೂತಿ ಯಾವ ಕಡೆಗಿದೆ ಎಂದು. ಆ ಕೆಲಸ ರೆಕ್ಕೆಯ ತುದಿಯಲ್ಲಿ ಮಿಣುಕದೆ ಹೊತ್ತಿರುವ ದೀಪಗಳದು. ಎಡರೆಕ್ಕೆಗೆ ಕೆಂಪು, ಬಲರೆಕ್ಕೆಗೆ ಹಸಿರು, ಹಿಂದಕ್ಕೆ ಬಿಳಿ. ಇವಕ್ಕೆ ನ್ಯಾವಿಗೇಶನ್ ಲೈಟ್ ಎಂಬ ಹೆಸರಿದೆ. ನನಗೆ ಆ ಹೆಸರು ಸರಿಬರುವುದಿಲ್ಲ, ಏಕೆಂದರೆ ಆ ದೀಪದಿಂದ ಪೈಲಟ್ ದಾರಿ ಕಂಡುಕೊಳ್ಳುವುದಿಲ್ಲ. ನಾವು ಅವನ್ನು ಎಡಬಲ ದೀಪ ಎನ್ನೋಣ. ಎತ್ತರದಲ್ಲಿ ಹೋಗುವ ವಿಮಾನದ ಎಡಬಲ ದೀಪ ಬರಿಗಣ್ಣಿಗೆ ಮಸುಕು. ಬೈನಾಕ್ಯುಲರ್ ಇದ್ದರೆ ಬಣ್ಣ ಸ್ಪಷ್ಟ. ವಿಜಯಪುರದ ಮಗ್ಗುಲಿಗೆ ಬುರಣಾಪುರ, ಮದಭಾವಿ ಬಳಿ 2021ರಲ್ಲಿ ಅಡಿಗಲ್ಲು ಬಿದ್ದ ವಿಮಾನ ನಿಲ್ದಾಣದಲ್ಲಿ ರಾತ್ರಿ ವಿಮಾನ ಇಳಿಯುವ ಕಾಲಕ್ಕೆ ನಮ್ಮವರಿಗೆ ಬೈನಾಕ್ಯುಲರ್ ಕೂಡ ಬೇಕಾಗಲಿಕ್ಕಿಲ್ಲ.

ದಾರಿ ತೋರದ ದೀಪ

ಕಬ್ಬು ಕಡಿಯುವ ದಿನಗಳಲ್ಲಿ ರಾತ್ರಿ ಸಿಂದಗಿ ರಸ್ತೆಯಲ್ಲಿ ಮೋಟರ್ ಸೈಕಲ್ ಓಡಿಸಿದವರಿಗೆ ಈ ಅಧ್ಯಾಯದ ಅರ್ಧ ಆಗಲೇ ಗೊತ್ತು. ಮುಂದೆ ಕತ್ತಲೆ. ಕತ್ತಲೆಯೇ ಸ್ವಲ್ಪ ದಪ್ಪಗಾದಂತೆ ಕಾಣುತ್ತದೆ. ಹತ್ತಿರ ಹೋಗುವಷ್ಟರಲ್ಲಿ ಅದು ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಹೊರಟ ಟ್ರ್ಯಾಕ್ಟರ್! ಮುಂದಿನ ದೀಪ ಎರಡೂ ಚೆಂದಾಗಿ ಉರಿಯುತ್ತಿವೆ. ಅವು ಚಾಲಕನಿಗೆ ಬೇಕು. ಹಿಂದೆ ದೀಪವಿಲ್ಲ, ಅದು ಬೇಕಾದದ್ದು ನಮಗೆ. ತನಗೆ ಕಾಣಲಿಕ್ಕೆ ಹಚ್ಚುವ ದೀಪ ಬೇರೆ, ತಾನು ಕಾಣಲಿಕ್ಕೆ ಹಚ್ಚುವ ದೀಪ ಬೇರೆ. ಎರಡನೆಯದು ಕೆಟ್ಟರೆ ಕೆಟ್ಟಿದೆ ಎಂದು ಹಚ್ಚಿದವನಿಗೆ ಗೊತ್ತೇ ಆಗುವುದಿಲ್ಲ.

ಹಿಂದೆ ಚಕ್ಕಡಿಯ ಅಚ್ಚಿಗೆ ಕಂದೀಲು ತೂಗಹಾಕುತ್ತಿದ್ದರು. ದೂರದಿಂದ ತೂಗಾಡುವ ಬೆಳಕು ಕಂಡರೆ ಅಲ್ಲೊಂದು ಚಕ್ಕಡಿ ಇದೆ ಎಂದು ತಿಳಿಯುತ್ತಿತ್ತು. ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯುತ್ತಿರಲಿಲ್ಲ. ತಿಳಿಯದಿದ್ದರೂ ನಡೆಯುತ್ತಿತ್ತು: ಎತ್ತಿನ ನಡಿಗೆ ನಿಧಾನ, ರಸ್ತೆಗೆ ಇರುವುದೇ ಎರಡು ದಿಕ್ಕು. ಆಕಾಶದಲ್ಲಿ ರಸ್ತೆಯಿಲ್ಲ. ದಿಕ್ಕು ಎಷ್ಟು ಎಂದು ಎಣಿಸಲಾಗದು. ಎರಡು ಸಣ್ಣ ವಿಮಾನಗಳು ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಎದುರುಬದುರು ಬಂದರೆ ನಡುವಿನ ಅಂತರ ಸೆಕೆಂಡಿಗೆ ನೂರು ಮೀಟರಿಗೂ ಹೆಚ್ಚು ಕರಗುತ್ತದೆ. ಅಲ್ಲಿ ಕಂದೀಲು ಸಾಲದು.

ರೊಟ್ಟಿ ಮುರಿಯುವುದು

ಒಂದು ಜೋಳದ ರೊಟ್ಟಿ ತೆಗೆದುಕೊಳ್ಳಿ. ಅದರ ನಡುವೆ, ಮೂತಿ ಮುಂದೆ ಮಾಡಿ, ಒಂದು ಆಟಿಗೆ ವಿಮಾನ ಇಡಿ. ಮೂತಿಯ ನೇರಕ್ಕೆ ನಡುವಿನಿಂದ ಅಂಚಿನವರೆಗೆ ಒಮ್ಮೆ ಸೀಳಿ. ಆ ಸೀಳಿನಿಂದ ಎಡಕ್ಕೆ 110 ಡಿಗ್ರಿಯ ಒಂದು ತುಂಡು, ಬಲಕ್ಕೆ 110 ಡಿಗ್ರಿಯ ಇನ್ನೊಂದು ತುಂಡು ಮುರಿಯಿರಿ. ಹಿಂದೆ ಉಳಿಯುವುದು 140 ಡಿಗ್ರಿ. ಎಡತುಂಡಿನ ಮೇಲೆಲ್ಲ ಕೆಂಪು ಬೆಳಕು, ಬಲತುಂಡಿನ ಮೇಲೆಲ್ಲ ಹಸಿರು, ಹಿಂದಿನ ತುಂಡಿಗೆ ಬಿಳಿ. ಎಡಬಲ ದೀಪ ಎಂದರೆ ಇಷ್ಟೇ.

ಇದರಲ್ಲಿ ಬಣ್ಣಕ್ಕಿಂತ ದೊಡ್ಡ ಕೆಲಸ ಮಾಡುವುದು ಸೀಳು. ಕೆಂಪು ದೀಪ ಎಲ್ಲ ದಿಕ್ಕಿಗೂ ಕಾಣುವಂತಿದ್ದರೆ ಅದರಿಂದ ಒಂದು ಸುದ್ದಿಯೂ ಸಿಗುತ್ತಿರಲಿಲ್ಲ. ಅದು ಒಂದು ತುಂಡಿನಲ್ಲಿ ಕಂಡು ಉಳಿದ ಎರಡರಲ್ಲಿ ಕಾಣದಂತೆ ಅಡ್ಡ ಕಟ್ಟಿದ್ದಾರೆ. ಹಾಗಾಗಿ ಕೆಂಪು ಕಂಡಿತು ಎಂದರೆ ನೀವು ಆ ವಿಮಾನದ ಎಡತುಂಡಿನೊಳಗೆ ನಿಂತಿದ್ದೀರಿ. ಮಾಳಿಗೆ ಮೇಲಿನ ಲೆಕ್ಕ ಈಗ ಸುಲಭ: ನಮ್ಮಿಂದ ಪಡುವಣಕ್ಕೆ ಒಂದು ವಿಮಾನವಿದೆ, ಅದರ ಮಿಣುಕದ ದೀಪ ಕೆಂಪಾಗಿದೆ. ಅಂದರೆ ಅದರ ಎಡಗೈ ನಮ್ಮ ಕಡೆಗೆ, ಮೂಡಣಕ್ಕೆ ಇದೆ. ಅದು ತೆಂಕಣ ದಿಕ್ಕಿಗೆ, ಬೆಂಗಳೂರಿನ ಕಡೆಗೆ ಹೊರಟಿದೆ ಎಂದು ಹೇಳಬಹುದು. ತುಂಡು ಅಗಲವಾದ್ದರಿಂದ ನೂಲು ಹಿಡಿದಂಥ ದಿಕ್ಕು ಸಿಗುವುದಿಲ್ಲ. ಬರುತ್ತಿದೆಯೋ, ಹೋಗುತ್ತಿದೆಯೋ, ಅಡ್ಡ ಹಾಯುತ್ತಿದೆಯೋ ಎನ್ನುವುದಕ್ಕೆ ಅಷ್ಟು ಸಾಕು.

ಈ ರೊಟ್ಟಿ ಮೊದಲು ಮುರಿದವರು ಹಡಗಿನವರು. ಉಗಿಹಡಗುಗಳು ಕತ್ತಲಲ್ಲಿ ಒಂದಕ್ಕೊಂದು ಗುದ್ದತೊಡಗಿದಾಗ ಬ್ರಿಟನ್ 1848ರಲ್ಲಿ ಎಡಕ್ಕೆ ಕೆಂಪು, ಬಲಕ್ಕೆ ಹಸಿರು ಕಡ್ಡಾಯ ಮಾಡಿತು. ಹಡಗಿನ ದಿಕ್ಸೂಚಿಯಲ್ಲಿ ಸುತ್ತನ್ನು 32 ಭಾಗ ಮಾಡುತ್ತಾರೆ. ಒಂದು ಭಾಗಕ್ಕೆ 11.25 ಡಿಗ್ರಿ. ಎಡಕ್ಕೆ ಹತ್ತು ಭಾಗ, ಬಲಕ್ಕೆ ಹತ್ತು, ಹಿಂದಕ್ಕೆ ಹನ್ನೆರಡು. ಹಡಗಿನ ಪಕ್ಕದ ದೀಪಕ್ಕೆ ಇಂದಿಗೂ 112.5 ಡಿಗ್ರಿ ಎಂಬ ವಿಚಿತ್ರ ಅಳತೆ ಇರುವುದು ಅದಕ್ಕೇ. ವಿಮಾನದವರು ಅದನ್ನು ದುಂಡು ಮಾಡಿ 110 ಎಂದರು.

ಕೆಂಪು ಕಂಡವನು ದಾರಿ ಬಿಡಬೇಕು

ಆಕಾಶದ ಸಂಚಾರ ನಿಯಮ ಹೀಗಿದೆ: ಎರಡು ವಿಮಾನಗಳ ದಾರಿ ಅಡ್ಡ ಹಾಯುವಂತಿದ್ದರೆ, ಯಾರ ಬಲಕ್ಕೆ ಇನ್ನೊಂದು ವಿಮಾನ ಇದೆಯೋ ಅವರು ದಾರಿ ಬಿಡಬೇಕು. ಈಗ ನೀವು ಬಡಗಣಕ್ಕೆ ಮುಖಮಾಡಿ ಹಾರುತ್ತಿದ್ದೀರಿ ಎನ್ನಿ. ಬಲಗಡೆಯಿಂದ ಒಂದು ವಿಮಾನ ಪಡುವಣಕ್ಕೆ ಬರುತ್ತಿದೆ. ಅದರ ಯಾವ ಪಕ್ಕ ನಿಮಗೆ ಕಾಣುತ್ತದೆ? ಎಡಪಕ್ಕ. ಕೆಂಪು. ನಿಯಮದ ಪ್ರಕಾರ ದಾರಿ ಬಿಡಬೇಕಾದವರು ನೀವೇ. ಅದೇ ವಿಮಾನ ಎಡಗಡೆಯಿಂದ ಬಂದರೆ ನಿಮಗೆ ಕಾಣುವುದು ಅದರ ಬಲಪಕ್ಕ, ಹಸಿರು. ನೀವು ನಿಮ್ಮ ದಾರಿಯಲ್ಲೇ ಸಾಗಬಹುದು. ಅಷ್ಟು ಹೊತ್ತಿಗೆ ಆ ಪೈಲಟ್‌ಗೆ ನಿಮ್ಮ ಕೆಂಪು ಕಾಣುತ್ತಿರುತ್ತದೆ, ಅವನು ಬಿಡುತ್ತಾನೆ. ಚೌಕಿನಲ್ಲಿ ಪೊಲೀಸ್ ಇಲ್ಲ, ಸಿಗ್ನಲ್ ಕಂಬ ಇಲ್ಲ. ಪ್ರತಿ ವಿಮಾನವೂ ತನ್ನ ಸಿಗ್ನಲ್ ಕಂಬವನ್ನು ತಾನೇ ಹೊತ್ತುಕೊಂಡು ತಿರುಗುತ್ತದೆ, ಮತ್ತು ಒಬ್ಬನಿಗೆ ಕೆಂಪು ತೋರಿದಾಗ ಇನ್ನೊಬ್ಬನಿಗೆ ಹಸಿರು ತಾನಾಗಿಯೇ ಬೀಳುತ್ತದೆ.

ಕೆಂಪು, ಹಸಿರು ಎರಡೂ ಒಟ್ಟಿಗೆ ಕಂಡರೆ ಎದುರಿನ ವಿಮಾನ ನೇರ ನಿಮ್ಮ ಮೇಲೆಯೇ ಬರುತ್ತಿದೆ. ಇಬ್ಬರೂ ತಮ್ಮ ತಮ್ಮ ಬಲಕ್ಕೆ ಹೊರಳಬೇಕು. ರಸ್ತೆಯ ಎಡಕ್ಕೆ ಸರಿದು ರೂಢಿಯಾದ ನಮಗೆ ಇದು ಉಲ್ಟಾ ಅನಿಸಬಹುದು.

ಹಿಂದಿನ ತುಂಡಿನದು ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ಸಂಗತಿ. ಹಿಂದಿನಿಂದ ಬಂದು ದಾಟಿ ಹೋಗುವವನು ಮುಂದಿನವನಿಗೆ ತೊಂದರೆ ಕೊಡಬಾರದು, ಇದು ಎಲ್ಲ ಕಡೆಯ ನಿಯಮ. ಆದರೆ ಎಲ್ಲಿಯವರೆಗೆ ‘ಹಿಂದೆ’, ಎಲ್ಲಿಂದ ‘ಪಕ್ಕ’? ಅಂತಾರಾಷ್ಟ್ರೀಯ ನಿಯಮ ಮುಂದಿನ ವಿಮಾನದ ಬಾಲದ ನೇರದಿಂದ ಆಚೀಚೆ 70 ಡಿಗ್ರಿಯೊಳಗೆ ಬರುವವನನ್ನು ಹಿಂದಿನವನು ಎನ್ನುತ್ತದೆ. ಎರಡು ಎಪ್ಪತ್ತು ಕೂಡಿದರೆ 140, ಬಿಳಿ ತುಂಡಿನ ಅಳತೆಯೇ ಅದು. ಅಂದರೆ ಕೆಂಪೂ ಕಾಣದೆ ಹಸಿರೂ ಕಾಣದೆ ಬಿಳಿ ಮಾತ್ರ ಕಂಡರೆ ನೀವು ಕಾನೂನಿನ ಪ್ರಕಾರ ಹಿಂದಿನವರು. ನಿಯಮ ಪುಸ್ತಕ ತೆರೆಯುವುದು ಬೇಡ, ಕೋನ ಅಳೆಯುವುದು ಬೇಡ. ದೀಪದ ಅಂಚನ್ನೇ ಗಡಿಕಲ್ಲು ಮಾಡಿಬಿಟ್ಟಿದ್ದಾರೆ.

ಕದಲದ ದೀಪ

ಇಷ್ಟಾದ ಮೇಲೂ ಒಂದು ತೊಡಕಿದೆ. ಮೋಟರ್ ಸೈಕಲ್ ಮೇಲೆ ಕೂಡುರಸ್ತೆಯ ಕಡೆಗೆ ಹೊರಟಿದ್ದೀರಿ, ಅಡ್ಡರಸ್ತೆಯಲ್ಲಿ ದೂರದಿಂದ ಒಂದು ಜೀಪು ಬರುತ್ತಿದೆ. ನೀವು ಸಾಗಿದಂತೆ ಅದು ನಿಮ್ಮ ಕಣ್ಣಿಗೆ ಹಿಂದೆ ಸರಿಯುತ್ತಾ ಹೋದರೆ ನೀವು ಮೊದಲು ದಾಟುತ್ತೀರಿ. ಮುಂದೆ ಸರಿಯುತ್ತಾ ಹೋದರೆ ಅದು ಮೊದಲು ದಾಟುತ್ತದೆ. ಹಿಂದೂ ಸರಿಯದೆ, ಮುಂದೂ ಸರಿಯದೆ, ಕನ್ನಡಿಗೆ ಅಂಟಿಸಿದ ಹಾಗೆ ಒಂದೇ ಜಾಗದಲ್ಲಿ ನಿಂತು ದೊಡ್ಡದಾಗುತ್ತಾ ಹೋದರೆ? ಇಬ್ಬರೂ ಒಂದೇ ಹೊತ್ತಿಗೆ ಕೂಡುರಸ್ತೆಗೆ ಬರುತ್ತೀರಿ.

ಆಕಾಶದಲ್ಲಿಯೂ ಹಾಗೆಯೇ. ಗಾಜಿನ ಮೇಲೆ ಸರಿಯುವ ದೀಪ ನಿರಪಾಯ. ಕದಲದೆ ನಿಂತ ದೀಪಕ್ಕೆ ಅಂಜಬೇಕು. ನಮ್ಮ ಕಣ್ಣಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಹುಲ್ಲಿನಲ್ಲಿ ಅಲುಗಾಡಿದ್ದು ಹಾವಾದರೂ ಇಲಿಯಾದರೂ ಥಟ್ಟನೆ ಕಾಣುತ್ತದೆ, ಅಲುಗಾಡದ್ದು ಕಾಣುವುದೇ ಇಲ್ಲ. ಕದಲದ ಒಂದು ಚುಕ್ಕಿ ಬೆಳಕು ನಕ್ಷತ್ರಗಳಲ್ಲಿ, ಊರದೀಪಗಳಲ್ಲಿ ಕರಗಿಹೋಗುತ್ತದೆ. ಯಾವ ವಿಮಾನ ಗುದ್ದಲಿದೆಯೋ ಅದೇ ವಿಮಾನ ಕಣ್ಣಿಗೆ ಬೀಳುವುದಿಲ್ಲ.

ರೆಕ್ಕೆಯ ತುದಿಯಲ್ಲಿ ಬಿಳಿಯ ಮಿಂಚು ಹುಟ್ಟಿದ್ದು ಇದಕ್ಕಾಗಿ. ಸರಿಯದ ಬೆಳಕನ್ನು ಕಡೇಪಕ್ಷ ಮಿಣುಕಿಸಿ ಕಣ್ಣಿಗೆ ಚುಚ್ಚುವುದು. ಸ್ಟ್ರೋಬ್ ಎಂಬ ಈ ದೀಪಕ್ಕೆ ನಾನು ಮಿಂಚುದೀಪ ಎನ್ನುತ್ತೇನೆ. ಅಮೆರಿಕದ ಸಣ್ಣ ವಿಮಾನಗಳ ನಿಯಮದಲ್ಲಿ 2017ರವರೆಗೆ ಇದು ನಿಮಿಷಕ್ಕೆ 40ರಿಂದ 100 ಸಲ ಮಿನುಗಬೇಕಿತ್ತು, ಕಣ್ಣಿಗೆ 400 ಮೇಣದ ಬತ್ತಿಯಷ್ಟು ಬೆಳಗಬೇಕಿತ್ತು. ಎಡಬಲ ದೀಪಕ್ಕೆ ನೇರ ಮುಂದೆ 40 ಬತ್ತಿಯ ಬೆಳಕು ಸಾಕಿತ್ತು, ಪಕ್ಕಕ್ಕೆ 5 ಬತ್ತಿ, ಹಿಂದಕ್ಕೆ 20. ಮುಂದೆ ಹೆಚ್ಚು ಯಾಕೆ ಎನ್ನುವುದು ಊಹಿಸುವಂಥದ್ದೇ: ಎದುರಿನಿಂದ ಬರುವವನು ಎಲ್ಲರಿಗಿಂತ ಬೇಗ ಹತ್ತಿರವಾಗುತ್ತಾನೆ, ಅವನಿಗೆ ಎಲ್ಲರಿಗಿಂತ ದೂರದಿಂದ ಕಾಣಬೇಕು. ಬೆಳಕು ಹೋದಂತೆಲ್ಲ ಹರಡಿಕೊಂಡು ತೆಳುವಾಗುವುದರಿಂದ ಎಂಟು ಪಟ್ಟು ಬತ್ತಿ ಹಚ್ಚಿದರೂ ಕಾಣುವ ದೂರ ಮೂರು ಪಟ್ಟೂ ಹೆಚ್ಚುವುದಿಲ್ಲ.

ಕೈಯಾರೆ ಕಟ್ಟಿದ ವಿಮಾನಕ್ಕೆ

ಕಾರ್ಖಾನೆಯ ವಿಮಾನಕ್ಕೆ ದೀಪ ಕೂಡಿಸುವವರು ಲೆಕ್ಕ ಹಾಕಿಯೇ ಕೂಡಿಸಿರುತ್ತಾರೆ. ಮನೆಯಲ್ಲಿ ವಿಮಾನ ಕಟ್ಟುವವರ ಪಾಡು ಬೇರೆ. ಹಾಗೆ ಕಟ್ಟುವವರು ಇದ್ದಾರೆಯೇ ಎಂದು ಹುಬ್ಬೇರಿಸಬೇಡಿ. ಮುಂಬೈಯ ಕಾಂದಿವಲಿಯಲ್ಲಿ ಪೈಲಟ್ ಅಮೋಲ್ ಯಾದವ್ ಮನೆಯ ಮಾಳಿಗೆ ಮೇಲೆಯೇ ವಿಮಾನ ಕಟ್ಟಿ 2016ರ ಮೇಕ್ ಇನ್ ಇಂಡಿಯಾ ಮೇಳದಲ್ಲಿ ತೋರಿಸಿದರು. ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್‌ನ ಎಕ್ಸ್‌-ಏರ್ ಬಿಡಿಭಾಗಗಳಾಗಿ ವಿದೇಶಕ್ಕೆ ಹೋಗಿ ಅಲ್ಲಿನ ಹವ್ಯಾಸಿಗಳ ಗ್ಯಾರೇಜುಗಳಲ್ಲಿ ವಿಮಾನವಾಗುತ್ತಿತ್ತು. ಬೆಂಗಳೂರಿನ ಎನ್‌ಎಎಲ್ ಪ್ರಯೋಗಾಲಯದವರು ಕೂಡ ನಾರುಗಾಜಿನ (ಫೈಬರ್‌ಗ್ಲಾಸ್) ಕಸುಬು ಕಲಿಯಲು ಆರಿಸಿಕೊಂಡದ್ದು ಇಂಥ ಹವ್ಯಾಸಿಗಳ ವಿನ್ಯಾಸವನ್ನೇ. ಅಮೆರಿಕದ ಬರ್ಟ್ ರುಟಾನ್ ಮನೆಯಲ್ಲಿ ಕಟ್ಟುವವರಿಗೆಂದು ರೂಪಿಸಿ 1979ರಲ್ಲಿ ಹಾರಿಸಿದ ಲಾಂಗ್‌-ಈಜಿ ವಿಮಾನವನ್ನು ಆಧರಿಸಿ ಎನ್‌ಎಎಲ್‌ನವರು ಕಟ್ಟಿದ ಎಲ್‌ಸಿಆರ್‌ಎ 1987ರಲ್ಲಿ ಹಾರಿತು. ಆ ಕಲಿಕೆಯ ಫಲವೇ 1993ರಲ್ಲಿ ಹಾರಿದ ಅವರದೇ ವಿಮಾನ ‘ಹಂಸ’.

ಲಾಂಗ್‌-ಈಜಿಯ ಆಕಾರ ನೋಡಿದರೆ ಹಿಂದುಮುಂದಾಗಿ ಹಾರುತ್ತಿದೆಯೇನೋ ಅನಿಸುತ್ತದೆ. ಮೂತಿಯ ಬಳಿ ಕಿರುರೆಕ್ಕೆ, ದೊಡ್ಡ ರೆಕ್ಕೆ ಹಿಂದೆ, ಎಂಜಿನ್ ಮತ್ತು ಪಂಖ ಅದಕ್ಕೂ ಹಿಂದೆ. ಬಾಲವೇ ಇಲ್ಲ. ಹಾಗಾದರೆ ಬಾಲದ ಬಿಳಿ ದೀಪ ಎಲ್ಲಿ? ಅದನ್ನು ಎರಡು ಮಾಡಿ ಎರಡೂ ರೆಕ್ಕೆತುದಿಗೆ ಹಿಂಮುಖವಾಗಿ ಕೂಡಿಸಬಹುದು. ದೊಡ್ಡ ಪ್ರಯಾಣಿಕ ವಿಮಾನಗಳಲ್ಲೂ ಹೀಗೆ ಮಾಡಿರುವುದುಂಟು. ರೆಕ್ಕೆತುದಿಯಲ್ಲಿ ನೆಟ್ಟಗೆ ನಿಂತ ಪಟ್ಟಿಯಿದೆ. ಅದರ ಹೊರಮೈಗೆ ಕೆಂಪು ದೀಪ ಕೂಡಿಸಿದರೆ ಪಟ್ಟಿಯೇ ಗೋಡೆಯಾಗಿ, ಕೆಂಪು ಬಲಗಡೆಗೆ ಸೋರದಂತೆ ತಡೆಯುತ್ತದೆ.

ಆದರೆ ವೈರಿನ ಯೋಚನೆ ಮೊದಲೇ ಆಗಿರಬೇಕು. ಈ ವಿಮಾನದ ರೆಕ್ಕೆಯ ಒಳಗೆ ಫೋಮ್, ಅದರ ಮೇಲೆ ಗಾಜಿನ ಬಟ್ಟೆ, ಬಟ್ಟೆಗೆ ಅಂಟು. ಅಂಟು ಒಣಗಿದ ಮೇಲೆ ಒಳಗೆ ಕೈ ಹೋಗುವುದಿಲ್ಲ. ಮನೆ ಕಟ್ಟಿಸಿದವರಿಗೆ ಗೊತ್ತು, ಗಿಲಾವ್ ಆಗುವ ಮುಂಚೆ ಪೈಪು ಹಾಕಬೇಕು. ಇಲ್ಲದಿದ್ದರೆ ಗೋಡೆ ಒಡೆಯಬೇಕು. ರೆಕ್ಕೆ ಒಡೆಯಲಾಗದು.

ಇನ್ನೊಂದು: ಟ್ರ್ಯಾಕ್ಟರಿನ ಬಲ್ಬಿಗೆ ಒಂದೇ ವೈರ್ ಬರುತ್ತದೆ. ಮರಳುವ ಕರೆಂಟು ಕಬ್ಬಿಣದ ಮೈಯಿಂದಲೇ ಬ್ಯಾಟರಿಗೆ ಹೋಗುತ್ತದೆ. ಮಿಸ್ತ್ರಿ ಅದನ್ನು ಬಾಡಿ ಅರ್ತ್ ಎನ್ನುತ್ತಾನೆ. ಅಲ್ಯೂಮಿನಿಯಂ ವಿಮಾನದಲ್ಲೂ ಹೀಗೆ ಮಾಡಲು ಬರುತ್ತದೆ. ನಾರುಗಾಜು ಕರೆಂಟು ಹರಿಸುವುದಿಲ್ಲ, ಆದ್ದರಿಂದ ಹೋಗಲಿಕ್ಕೊಂದು ಬರಲಿಕ್ಕೊಂದು ಎರಡು ವೈರ್ ಬೇಕು. ಹಳೆಯ ಫಿಲಮೆಂಟ್ ಬಲ್ಬು ಒಂದಕ್ಕೆ ಸುಮಾರು 26 ವ್ಯಾಟ್. ಅಷ್ಟು ಕರೆಂಟಿಗೆ ದಪ್ಪ ತಂತಿ, ದಪ್ಪ ತಂತಿಗೆ ಭಾರ. ಎಲ್‌ಇಡಿ ಬಂದ ಮೇಲೆ ಈ ಕಷ್ಟ ಬಹುಮಟ್ಟಿಗೆ ಹೋಯಿತು.

ಕೋನ ನೋಡುವ ಕೆಲಸ ನಮ್ಮ ಗೌಂಡಿಗಳ ಕೆಲಸವೇ. ರೆಕ್ಕೆ ಹಿಂದಕ್ಕೆ ವಾಲಿರುವುದರಿಂದ ರೆಕ್ಕೆಯ ಅಂಚನ್ನು ನಂಬಿದರೆ ಕೆಟ್ಟೆವು. ಮೂತಿಯ ನಡುವಿನಿಂದ ಒಂದು ತೂಗುಗುಂಡು, ಹಿಂದೆ ಪಂಖದ ನಡುವಿನಿಂದ ಒಂದು ತೂಗುಗುಂಡು ಇಳಿಬಿಟ್ಟು, ಎರಡನ್ನೂ ಕೂಡಿಸಿ ನೆಲದ ಮೇಲೆ ಖಡುವಿನ ಗೆರೆ ಎಳೆಯಬೇಕು. ಅದು ವಿಮಾನದ ನಡುಗೆರೆ. ದೀಪದಿಂದ ಮೂರನೆಯ ಗುಂಡು ಬಿಟ್ಟು, ಆ ಚುಕ್ಕಿಯಿಂದ ನಡುಗೆರೆಗೆ ಸಮಾನಾಂತರವಾಗಿ ಮುಂದಕ್ಕೊಂದು ಗೆರೆ, ಅಲ್ಲಿಂದ 110 ಡಿಗ್ರಿ ತಿರುಗಿಸಿ ಇನ್ನೊಂದು. ಶೆಡ್ಡಿನ ಬಾಗಿಲು ಹಾಕಿ, ಕತ್ತಲು ಮಾಡಿ, ಗೆರೆಗೆ ಅಡ್ಡವಾಗಿ ಹೆಜ್ಜೆ ಹಾಕಬೇಕು. ಗೆರೆ ದಾಟಿದ ಕೂಡಲೆ ಕೆಂಪು ಬಾಡಿ ಬಿಳಿ ಮೂಡಿದರೆ ದೀಪ ಸರಿಯಾಗಿ ಕೂತಿದೆ. ಅಂಚು ಚಾಕುವಿನಿಂದ ಕೊಯ್ದಂತೆ ಇರುವುದಿಲ್ಲ, ಸ್ವಲ್ಪ ಬೆರಕೆ ಇದ್ದೇ ಇರುತ್ತದೆ. ಎಷ್ಟು ಬೆರಕೆ ಇರಬಹುದು ಎನ್ನುವುದಕ್ಕೂ ನಿಯಮವಿದೆ.

ಮಿಂಚುದೀಪ ಕೊಡುವ ತಲೆನೋವು ಇನ್ನೊಂದು ಬಗೆಯದು. ಮದುವೆಯ ಫೋಟೋಗ್ರಾಫರನ ಹಳೆಯ ಫ್ಲ್ಯಾಶ್ ನೆನಪಿಸಿಕೊಳ್ಳಿ. ಒಮ್ಮೆ ಹೊಡೆದ ಮೇಲೆ ‘ಕುಂಯ್‌‌...’ ಎಂದು ಸ್ವರ ಏರಿಸುತ್ತಾ ಮತ್ತೆ ತುಂಬಿಕೊಳ್ಳುತ್ತಿತ್ತು. ಹನಿಹನಿಯಾಗಿ ತುಂಬಿದ ಕೊಡವನ್ನು ಒಮ್ಮೆಲೆ ಬೋರಲು ಹಾಕಿದಂತೆ, ನೂರಾರು ವೋಲ್ಟಿನಲ್ಲಿ ಕೂಡಿಟ್ಟ ಕರೆಂಟನ್ನು ಕ್ಸೆನಾನ್ ಕೊಳವೆಯಲ್ಲಿ ಕಣ್ಣುಮಿಟುಕಿಸುವುದರೊಳಗೆ ಸುರಿಯುವುದೇ ಅದರ ಉಪಾಯ. ಆ ‘ಕುಂಯ್’ ಪೈಲಟ್‌ನ ಹೆಡ್‌ಫೋನಿಗೂ ಬರುತ್ತದೆ. ಲಾಂಗ್‌-ಈಜಿ ಕಟ್ಟುವವರು ರೇಡಿಯೋ ಆಂಟೆನಾವನ್ನು ತಾಮ್ರದ ಪಟ್ಟಿಯಾಗಿ ರೆಕ್ಕೆತುದಿಯ ನಾರುಗಾಜಿನೊಳಗೇ ಅಡಗಿಸುವುದುಂಟು. ಮಿಂಚಿನ ವೈರ್ ಅದರ ಮಗ್ಗುಲಲ್ಲಿ! ವೈರಿಗೆ ಲೋಹದ ಜಾಳಿಗೆ ಹೊದಿಸಿ ಆ ಜಾಳಿಗೆಯನ್ನು ಒಂದೇ ತುದಿಯಲ್ಲಿ ಅರ್ತ್ ಮಾಡಿದರೆ ಗದ್ದಲ ತಗ್ಗುತ್ತದೆ. ಇನ್ನು ಮೋಡದೊಳಗೆ ಹೊಕ್ಕರೆ ಮಿಂಚುದೀಪ ಆರಿಸುವುದೇ ಲೇಸು. ಮಂಜಿನಲ್ಲಿ ಹೆಡ್‌ಲೈಟ್ ಎತ್ತರಿಸಿದವರಿಗೆ ಕಾರಣ ಹೇಳಬೇಕಿಲ್ಲ.

ಕಣದಲ್ಲಿ

ಮುಂದೆ ಮುದ್ದೇಬಿಹಾಳ ಕಡೆಯ ಅವರ ಊರಿಗೆ ಹೋದಾಗ ಬಿಳಿಜೋಳದ ರಾಶಿ ಮುಗಿದು ಕಣ ಖಾಲಿಯಿತ್ತು. ಅಮಾಸಿ ಹತ್ತಿರ. ಸೈಕಲ್ಲಿಗೆ ಅಡ್ಡಲಾಗಿ ಬಿದಿರು ಕಟ್ಟಿ, ಎರಡು ತುದಿಗೆ ಎರಡು ಸಣ್ಣ ಎಲ್‌ಇಡಿ ದೀಪ ಬಿಗಿದು, ರಟ್ಟಿನ ಗೋಡೆ ನಿಲ್ಲಿಸಿ, ಕೆಂಪು ಹಸಿರು ಜಿಲೆಟಿನ್ ಕಾಗದ ಸುತ್ತಿದೆ. ತಂಗಿಯ ಮಗಳಿಗೆ ನಿಯಮ ಬಾಯಿಪಾಠ ಮಾಡಿಸಿದೆ: ಕೆಂಪು ಕಂಡರೆ ನಿಲ್ಲು, ಹಸಿರು ಕಂಡರೆ ನಡಿ. ಅವಳು ಬಡಗಣಕ್ಕೆ ಹೊರಟಳು. ನಾನು ಅವಳ ಬಲಗಡೆಯಿಂದ ಪಡುವಣಕ್ಕೆ ಸೈಕಲ್ ಬಿಟ್ಟೆ. ನಿಲ್ಲಬೇಕಾದವಳು ಅವಳು, ಆದ್ದರಿಂದ ನಾನು ಬ್ರೇಕಿನ ಮೇಲೆ ಕೈ ಇಡಲಿಲ್ಲ.

ಅವಳು ನಿಲ್ಲಲಿಲ್ಲ. ಬಿದಿರಿನ ತುದಿ ಅವಳ ತೋಳಿಗೆ ತಾಗಿ, ಸೈಕಲ್ ಹೊರಳಿ, ನಾನು ಕಣದ ಅಂಚಿನ ಕಣಿಕೆಯ ಬಣವೆಗೆ ಹೋಗಿ ಬಿದ್ದೆ. ಎದ್ದು ಜೋರು ಮಾಡಿದೆ: “ಕೆಂಪು ಕಂಡ್ರ ನಿಲ್ಲಂತ ಹೇಳಿದ್ದಿಲ್ಲೇನು?”

“ನನಗ ಹಸಿರು ಕಂಡ್ತು, ನಡದ್ನಿ.”

ಅವಳು ಬಿದ್ದ ಸೈಕಲ್ಲನ್ನು ಎತ್ತಿ ನಿಲ್ಲಿಸಿ, ಸೀಟಿನ ಹಿಂದೆ ಹೋಗಿ ನಿಂತು, ದೀಪಗಳನ್ನು ಒಂದೊಂದಾಗಿ ನೋಡಿದಳು. ಎಡಗಡೆ ಹಸಿರು, ಬಲಗಡೆ ಕೆಂಪು. ನಾನು ದೀಪ ಕಟ್ಟುವಾಗ ನಿಂತಿದ್ದು ಸೈಕಲ್ಲಿನ ಮುಂದೆ, ಅದಕ್ಕೆ ಎದುರಾಗಿ.

“ಮಾಮಾ, ನೀ ನಿನ್ನ ಎಡಗೈ ಹಿಡದು ಕಟ್ಟಿದಿ. ವಿಮಾನದ್ದು ಹಿಡೀಬೇಕಾಗಿತ್ತು.”

ಜಿಲೆಟಿನ್ ಕಾಗದ ಬಿಚ್ಚಿ ಅದಲುಬದಲು ಮಾಡಿದೆ. ಈ ಸಲ ಸೈಕಲ್ ಮೇಲೆ ಕೂತವಳು ಅವಳು.